ಜೋಕಾಲಿಯ ಕೊಂಡಿಗೆ ತೂಗಿದ ಮೈದಾನ

ಘಾಟ್ಕೋಪರಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಚಾವಣಿಗೆ ನಾಲ್ಕು ಕಬ್ಬಿಣದ ಕೊಂಡಿಗಳಿದ್ದವು. ನಮಗೆ ಮನೆ ಮಾರಿದ ಗುಜರಾತಿ ಕುಟುಂಬದವರು ಅವಕ್ಕೆ ಜೋಕಾಲಿ ಕಟ್ಟಿಕೊಂಡಿದ್ದರು. ಬಿಟ್ಟು ಹೋಗುವಾಗ ಹಲಗೆಯನ್ನೂ ಹಿತ್ತಾಳೆಯ ಸರಪಳಿಗಳನ್ನೂ ಬಿಚ್ಚಿಕೊಂಡರು. ಕೊಂಡಿಗಳು ಮಾತ್ರ ಕಾಂಕ್ರೀಟಿನೊಳಗೆ ಬೇರು ಬಿಟ್ಟು ಕೂತಿದ್ದವು. ಆ ಮನೆಯ ಯಜಮಾನಿ ಬೀಗದ ಕೈ ಕೊಡುತ್ತಾ ಮೇಲೆ ತೋರಿಸಿ, "ಚಾರ್ ಆದ್ಮಿ ಬೈಠೋ, ಕುಛ್ ನಹೀ ಹೋಗಾ" ಎಂದು ಹೆಮ್ಮೆಯಿಂದ ಹೇಳಿದ್ದರು. ನಾಲ್ಕು ಜನ ಕೂತು ತೂಗಿಕೊಳ್ಳುವ ಪುರುಸೊತ್ತು ನಮ್ಮಲ್ಲಿ ಯಾರಿಗಿತ್ತು? ನಾನು ಮಳೆಗಾಲದಲ್ಲಿ ಅವಕ್ಕೆ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆ. ಮನೆಗೆ ಬಂದವರೆಲ್ಲ ತಲೆಯೆತ್ತಿ ನೋಡಿ ಇವೇನು ಎಂದು ಕೇಳುವರು. "ಪ್ರಶ್ನೆ ಕೇಳಿದವರನ್ನ ತೂಗುಹಾಕೋಕೆ" ಎಂದುಬಿಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನಲ್ಲಿ ಹೇಳುತ್ತಿದ್ದರು. ಅತ್ತೆಮನೆಗೆ ಬಂದ ಮೇಲೂ ಆ ಮಾತನ್ನು ಸುಳ್ಳು ಮಾಡಲು ನಾನು ಶ್ರಮಪಟ್ಟವಳಲ್ಲ.

ಆ ಕೊಂಡಿಗಳಿಗೆ ಒಂದು ದಿನ ಇಡೀ ಗಾಲ್ಫ್ ಮೈದಾನವನ್ನೇ ತೂಗುಹಾಕುತ್ತೇವೆ ಎಂದು ಆಗ ಯಾರಾದರೂ ಹೇಳಿದ್ದರೆ ಅವರಿಗೂ ಏನಾದರೂ ಉತ್ತರ ಸಿಕ್ಕಿರುತ್ತಿತ್ತು.

ಗಾಲ್ಫು ನನ್ನ ಮಾವನವರ ಹುಚ್ಚು. ಅವರು ಮೈಸೂರಿನ ಕಡೆಯಿಂದ ಬಂದು ಚೆಂಬೂರಿನ ಕಡೆಯ ತೈಲ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ, ಅಲ್ಲಿಯ ಕ್ವಾರ್ಟರ್ಸ್‌ನಲ್ಲೇ ಸರ್ವಿಸ್ ಮುಗಿಸಿದವರು. ಯಾವ ಕಾಲದಲ್ಲೋ ಯಾರೋ ಮೇಲಧಿಕಾರಿ ಜೊತೆಗೆ ಇರಲಿ ಎಂದು ಇವರನ್ನು ಚೆಂಬೂರಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರಂತೆ. ಅಧಿಕಾರಿಗೆ ವರ್ಗವಾಯಿತು, ಇವರಿಗೆ ಹುಚ್ಚು ಉಳಿಯಿತು. ಭಾನುವಾರ ಬೆಳಕು ಹರಿಯುವ ಮುಂಚೆ ಬಿಳಿ ಬೂಟು ಹಾಕಿಕೊಂಡು, ಕೋಲುಗಳ ಚೀಲ ಹೊತ್ತು ಹೊರಟರೆ ಮತ್ತೆ ಮುಖ ಕಾಣುವುದು ಊಟದ ಹೊತ್ತಿಗೆ. ನಾವು ಘಾಟ್ಕೋಪರಿಗೆ ಬಂದ ಮೇಲೂ ಅದು ತಪ್ಪಲಿಲ್ಲ.

ಅತ್ತೆ ಪ್ರತಿ ಭಾನುವಾರವೂ ಎದ್ದು ಡಬ್ಬಿಗೆ ಅವಲಕ್ಕಿ ಒಗ್ಗರಣೆ ತುಂಬಿ ಕೊಡುತ್ತಿದ್ದರು. ಆದರೆ ಆ ಚೀಲಕ್ಕೆ ಅವರು ಇಟ್ಟ ಹೆಸರು ಸವತಿ. "ಸವತಿ ಸ್ಟೂಲಿನ ಮೇಲೆ ಕೂತಿದಾಳೆ, ಸ್ವಲ್ಪ ಆ ಕಡೆ ಇಡು, ನೆಲ ಒರೆಸಬೇಕು" ಎನ್ನುವರು. ನಗುತ್ತಲೇ ಹೇಳುತ್ತಿದ್ದರು, ಆದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ ಒಂದೊಂದು ಸಲ ನಗುವಿನೊಳಗಿನಿಂದ ಏನೋ ಸಿಡಿಯುತ್ತಿತ್ತು. ಅಷ್ಟು ವರ್ಷ ಚೆಂಬೂರಿನಲ್ಲೇ ಇದ್ದರೂ ಆ ಮೈದಾನದೊಳಕ್ಕೆ ಅವರು ಕಾಲಿಟ್ಟಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಕಾಂಪೌಂಡ್ ಗೋಡೆ ನೋಡಿದ್ದರು, ಗೋಡೆಯ ಆಚೆಗೆ ಮರಗಳ ತಲೆ ನೋಡಿದ್ದರು, ಅಷ್ಟೇ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯಲ್ಲಿ ಮಾವನವರಿಗೆ ಲಕ್ವ ಹೊಡೆಯಿತು. ಸ್ನಾನಕ್ಕೆ ಹೋದವರು ಬಾಗಿಲು ತೆರೆಯಲಿಲ್ಲ. ಬಲಗೈ, ಬಲಗಾಲು ಎರಡೂ ಹೇಳಿದ ಮಾತು ಕೇಳದಾದವು. ಆಸ್ಪತ್ರೆಯಿಂದ ಬಂದ ಮೇಲೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಕೂತರೆಂದರೆ ಕೂತೇಬಿಟ್ಟರು. ಮಾತು ಮೆಲ್ಲಗೆ ತೊಡರುತ್ತಾ ವಾಪಸು ಬಂತು, ಕಾಲಿಗೂ ಸ್ವಲ್ಪ ಬಲ ಬಂದಿತ್ತು. ಆದರೆ ಎದ್ದು ನಿಲ್ಲಿ ಎಂದರೆ ಗೋಡೆ ನೋಡುವರು. ಹಿಚುಕಲು ಕೊಟ್ಟ ರಬ್ಬರ್ ಚೆಂಡು ಮಡಿಲಲ್ಲೇ ಬಿದ್ದಿರುತ್ತಿತ್ತು. ನಮ್ಮ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. ನಮ್ಮನ್ನು ಬಾಗಿಲ ಹೊರಗೆ ಕರೆದು, "ಕೈಕಾಲು ತಿರುಗಿ ಬರೋದಾದ್ರೆ ಈ ಕೆಲವು ತಿಂಗಳಲ್ಲೇ ಬರಬೇಕು. ದಿನಾ ನಿಲ್ಲಿಸಿ, ಕೈ ಬೀಸೋಕೆ ಹೇಳಿ. ಕುರ್ಚಿ ಅಭ್ಯಾಸ ಆಗೋಯ್ತೋ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ" ಎಂದರು.

ನಾನು ಫೋರ್ಟಿನ ಆಫೀಸಿನಿಂದ ಲೋಕಲ್‌ನಲ್ಲಿ ನಿಂತು, ಬೆವರಿ, ಮನೆಗೆ ಬರುವಾಗ ಅತ್ತೆ ಒಂದೇ ಪಲ್ಲವಿ ಹಾಡುತ್ತಿರುವರು: "ಇವತ್ತೂ ಏಳಲಿಲ್ಲ." ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಲೇ ಮಾವನವರ ಮುಂದೆ ಹೋಗಿ ನಿಂತೆ. "ಮಾವ, ಒಂದು ಸಲ ಎದ್ದು ನಿಂತ್ರೆ ಏನಾಗುತ್ತೆ ನಿಮಗೆ?" ಎಂದೆ. ಅವರು ಒಂದೊಂದೇ ಮಾತು ಜೋಡಿಸಿಕೊಂಡು, "ಎದ್ದು... ಹೋಗೋದು ಎಲ್ಲಿಗಮ್ಮ?" ಎಂದರು.

ಅದನ್ನು ಕೇಳಿ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಒಳಗೆ ಹೋಗಿ ನನ್ನ ಗಂಡನ ಮೇಲೆ ಕೂಗಾಡಿದೆ. "ಅವರಿಗೆ ಆ ಗಾಲ್ಫ್ ಮೈದಾನ ಬಿಟ್ರೆ ಲೋಕವೇ ಇಲ್ಲ ಅಲ್ವಾ? ಅಲ್ಲಿಗೆ ಹೋಗಕ್ಕಾಗಲ್ಲ ತಾನೆ? ಹಾಗಾದ್ರೆ ಅದನ್ನೇ ಇಲ್ಲಿಗೆ ತನ್ನಿ!"

ನನ್ನ ಗಂಡ ಎಲೆಕ್ಟ್ರಿಕಲ್ ಇಂಜಿನಿಯರ್. ಅಂಥವರ ಮುಂದೆ ಸಿಟ್ಟಿನಲ್ಲಿ ಏನನ್ನೂ ಹೇಳಬಾರದು. ಅವರು ಅದು ಸಾಧ್ಯವೇ ಎಂದು ಯೋಚಿಸತೊಡಗುತ್ತಾರೆ. ಆ ರಾತ್ರಿ ಊಟಕ್ಕೆ ಕೂತಾಗ ಅವರು ಹಾಲ್‌ನ ಎದುರುಗೋಡೆಯನ್ನೇ ನೋಡುತ್ತಾ ಸಾರಿಗೆ ಮಜ್ಜಿಗೆ ಬಡಿಸಿಕೊಂಡರು.

ಗೋಡೆಯ ಮುಂದೆ ಒಂದು ಬಟ್ಟೆ ಇಳಿಬಿಡುವುದು, ಅದರ ಮೇಲೆ ಮೈದಾನದ ಚಿತ್ರ ಬೀಳಿಸುವುದು, ಮಾವನವರು ಚಾಪೆಯ ಮೇಲೆ ನಿಂತು ಆ ಬಟ್ಟೆಗೆ ಚೆಂಡು ಹೊಡೆಯುವುದು. ಇದು ಅವರ ಯೋಜನೆ. ಪರದೇಶದಲ್ಲಿ ಶ್ರೀಮಂತರು ಹೀಗೇನೋ ಮಾಡಿಕೊಂಡಿದ್ದಾರೆ, ಚೆಂಡು ಎಷ್ಟು ದೂರ ಹೋಯಿತೆಂದು ಯಂತ್ರವೇ ಹೇಳುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ. ನಮ್ಮಲ್ಲಿ ದೂರ ಹೇಳಲು ಮಾವನವರೇ ಸಾಕಿತ್ತು. ಬೇಕಾದದ್ದು ಚಿತ್ರ ಬೀಳಿಸುವ ಪ್ರೊಜೆಕ್ಟರ್ ಒಂದೇ.

ಮೊದಲು ಅವರ ಆಫೀಸಿನ ಕ್ಲಬ್ಬಿನಲ್ಲಿದ್ದ ಸಿನಿಮಾ ಪ್ರೊಜೆಕ್ಟರ್ ಮನೆಗೆ ಬಂತು. ಹೊಲಿಗೆ ಮೆಶಿನ್ನಿಗೆ ಜ್ವರ ಬಂದ ಹಾಗೆ ಅದರ ಸದ್ದು. ಅದಿರಲಿ, ಅದರಲ್ಲಿ ಫಿಲ್ಮು ಓಡುತ್ತಲೇ ಇರಬೇಕು. ಒಂದು ಚಿತ್ರ ನಿಲ್ಲಿಸಿದರೆ ದೀಪದ ಬಿಸಿಗೆ ಸುಟ್ಟುಹೋಗುತ್ತದೆ. ಗುರಿ ಹಿಡಿಯುವವನ ಮುಂದೆ ಮೈದಾನ ನಿಲ್ಲಬೇಕಲ್ಲ. ಅದು ವಾಪಸು ಹೋಯಿತು.

ಆಮೇಲೆ ಕುರ್ಲಾದಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬನ ಅಂಗಡಿಯಲ್ಲಿ ವಿಡಿಯೋ ಪ್ರೊಜೆಕ್ಟರ್ ನೋಡಿದೆವು. ಆಗಿನ್ನೂ ಅದು ಅಪರೂಪದ ವಸ್ತು. ಟ್ರಂಕಿನಷ್ಟು ದೊಡ್ಡದು, ಮುಂದೆ ಮೂರು ಕಣ್ಣು: ಕೆಂಪು, ಹಸಿರು, ನೀಲಿ. ಮೂರು ಬಣ್ಣದ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಮಾತ್ರ ನಿಜವಾದ ಚಿತ್ರ. ಅವನು ತಿರುಪು ತಿರುಗಿಸಿದಷ್ಟೂ ಮದುಮಗಳಿಗೆ ಮೂರು ಮೂಗು, ಮೂರು ಮೂಗುಬೊಟ್ಟು. ಜೊತೆಗೆ ಚಿತ್ರ ಎಷ್ಟು ಮಂಕೆಂದರೆ ಮನೆಯನ್ನು ಗವಿಯ ಹಾಗೆ ಕತ್ತಲು ಮಾಡಬೇಕಿತ್ತು. ಕಾಲು ಸರಿಯಿಲ್ಲದವರನ್ನು ಕತ್ತಲಲ್ಲಿ ನಿಲ್ಲಿಸುವುದು ಹೇಗೆ?

ಕೊನೆಗೆ ನಮಗೆ ಒದಗಿದ್ದು ಸ್ಲೈಡ್ ಪ್ರೊಜೆಕ್ಟರ್. ಚೋರ್ ಬಜಾರಿನ ಗಲ್ಲಿಯೊಂದರಲ್ಲಿ, ಹಳೆಯ ಗಡಿಯಾರಗಳು, ಹಡಗಿನ ದೀಪಗಳ ನಡುವೆ ಇತ್ತು. ತಲೆಯ ಮೇಲೆ ದುಂಡನೆಯ ತಟ್ಟೆ. ತಟ್ಟೆಯ ಗೂಡುಗಳಲ್ಲಿ ಸ್ಲೈಡುಗಳು, ಅಂದರೆ ಪುಟ್ಟ ಚೌಕಟ್ಟಿಗೆ ಕೂರಿಸಿದ ಫಿಲ್ಮಿನ ತುಂಡುಗಳು. ಗುಂಡಿ ಒತ್ತಿದರೆ ತಟ್ಟೆ ತಿರುಗಿ ಒಂದೊಂದೇ ಸ್ಲೈಡ್ ತನ್ನ ಭಾರಕ್ಕೆ ತಾನೇ ಕೆಳಗಿಳಿದು ದೀಪದ ಮುಂದೆ ನಿಲ್ಲುವುದು. ಅಂಗಡಿಯವನು, "ಕಮ್ರಾ ಕಿತ್ನಾ ಲಂಬಾ ಹೈ?" ಎಂದು ಕೇಳಿದ. ನನ್ನ ಗಂಡ ನಮ್ಮ ಹಾಲ್‌ನ ಉದ್ದ ಹೇಳಿದಾಗ ಅವನು ನಕ್ಕ. ಇದ್ದ ಲೆನ್ಸಿನಲ್ಲಿ ಅಷ್ಟು ಹತ್ತಿರದಿಂದ ಚಿತ್ರ ಸ್ನಾನದ ಟವೆಲಿನಷ್ಟೇ ಬೀಳುತ್ತಿತ್ತು. ಡಬ್ಬಿಯಲ್ಲಿ ತಡಕಾಡಿ, ಹತ್ತಿರದಿಂದಲೇ ಅಗಲವಾಗಿ ಬೀಳಿಸುವ ಇನ್ನೊಂದು ಲೆನ್ಸ್ ಹುಡುಕಿ ಹಾಕಿದ. ಪರೀಕ್ಷೆಗೆಂದು ಕೈಗೆ ಸಿಕ್ಕ ಯಾರದೋ ಸ್ಲೈಡ್ ಇಳಿಸಿದ.

ಅಂಗಡಿಯ ಮಸಿ ಹಿಡಿದ ಗೋಡೆಯ ತುಂಬ, ಗಡಿಯಾರಗಳ ಮೇಲೆ, ದೀಪಗಳ ಮೇಲೆ ಒಂದು ಸರೋವರ ಬಂದು ನಿಂತಿತು. ಹಿಮದ ಬೆಟ್ಟ, ದೋಣಿ, ದೋಣಿಯಲ್ಲಿ ಗುರುತಿಲ್ಲದ ಒಂದು ಸಂಸಾರ. ಆ ನೀಲಿ ಎಷ್ಟು ತಣ್ಣಗಿತ್ತೆಂದರೆ ನಾನು ಸೆರಗು ಹೊದ್ದುಕೊಂಡೆ. ಅಲ್ಲಿಯವರೆಗೆ ಈ ಹುಚ್ಚಾಟವನ್ನೆಲ್ಲ ಗೊಣಗುತ್ತಾ ಸಹಿಸಿದ್ದವಳು, "ಇದೇ. ಬೇರೆ ಯಾವುದೂ ಬೇಡ" ಎಂದೆ.

ಮುಂದಿನ ಭಾನುವಾರ ನನ್ನ ಗಂಡ ಮಾವನವರ ಹಳೆಯ ಗೆಳೆಯರೊಬ್ಬರ ಜೊತೆ ಕ್ಯಾಮೆರಾ ಹಿಡಿದು ಚೆಂಬೂರಿನ ಮೈದಾನಕ್ಕೆ ಹೋದರು. ಎಲ್ಲೆಲ್ಲಿ ನಿಂತು ಮಾವನವರು ಮೊದಲ ಹೊಡೆತ ಹೊಡೆಯುತ್ತಿದ್ದರೋ ಅಲ್ಲಲ್ಲೇ ನಿಂತು, ಅವರ ಕಣ್ಣಿನ ಎತ್ತರದಿಂದಲೇ ಫೋಟೋ ತೆಗೆದರು, ಆಮೇಲೆ ಅವನ್ನು ಸ್ಲೈಡು ಮಾಡಿಸಿದರು. ಅತ್ತೆ ಅಂದೂ ಡಬ್ಬಿಗೆ ಅವಲಕ್ಕಿ ತುಂಬಿ ಕೊಟ್ಟರು. ಅಭ್ಯಾಸ ಬಲ.

ಇನ್ನು ಅದನ್ನು ಎಲ್ಲಿಡುವುದು? ಹಿಂದೆ ಟೇಬಲ್ಲಿನ ಮೇಲಿಟ್ಟರೆ ಚೆಂಡು ಹೊಡೆಯುವವರ ನೆರಳೇ ಮೈದಾನದ ತುಂಬ. ಪಕ್ಕಕ್ಕಿಟ್ಟರೆ ಚಿತ್ರ ಸೊಟ್ಟ. ತಲೆಯ ಮೇಲಿನಿಂದ ಬೀಳಿಸುವುದೊಂದೇ ದಾರಿ. ನನ್ನ ಗಂಡ ಅದನ್ನು ತಲೆಕೆಳಗಾಗಿ ಚಾವಣಿಗೆ ಬಿಗಿಯುವುದೆಂದು ಹೊರಟರು. ಸ್ಲೈಡ್ ತನ್ನ ಭಾರಕ್ಕೆ ಕೆಳಗಿಳಿಯುವ ಯಂತ್ರ ಅದು. ತಲೆಕೆಳಗು ಮಾಡಿ ಹಿಡಿದು ನೋಡಿದಾಗ ಸ್ಲೈಡುಗಳೆಲ್ಲ ಹುಣಸೆ ಬೀಜದ ಹಾಗೆ ನೆಲಕ್ಕೆ ಸುರಿದವು. ಅವರು ಸ್ಟೂಲಿನ ಮೇಲೆ ನಿಂತು ಪೆಚ್ಚಾಗಿ ನೋಡುತ್ತಿದ್ದಾಗ ನನ್ನ ಕಣ್ಣು ಅವರ ತಲೆಯ ಪಕ್ಕದ ಕೊಂಡಿಯ ಮೇಲೆ ಬಿತ್ತು. ಕೊಂಡಿಯಿಂದ ನನ್ನ ಬಟ್ಟೆ ಹಗ್ಗ ಜೋತಾಡುತ್ತಿತ್ತು.

"ರೀ, ಜೋಕಾಲಿ ಕಟ್ಟಿ ಅದರ ಮೇಲಿಡಿ" ಎಂದೆ.

ಹಾಗೆ ನಮ್ಮ ಮನೆಗೆ ಜೋಕಾಲಿ ಬಂತು. ನಾಲ್ಕು ಸರಪಳಿ, ಒಂದು ಹಲಗೆ, ಹಲಗೆಯ ಮೇಲೆ ಪಟ್ಟಿ ಬಿಗಿದು ಕೂರಿಸಿದ ಪ್ರೊಜೆಕ್ಟರ್. ಮುಂದೆ ಶಾಮಿಯಾನದವರಿಂದ ತಂದ ದಪ್ಪ ಬಿಳಿ ಬಟ್ಟೆ, ಅದರ ಹಿಂದೆ ಹಳೆಯ ಹತ್ತಿಯ ಗಾದಿ. ಮೇಲಿನಿಂದ ಬೀಳುವ ಬೆಳಕಾದ್ದರಿಂದ ಚಿತ್ರದ ಕೆಳಭಾಗ ಲಂಗದ ಹಾಗೆ ಅಗಲವಾಗುತ್ತಿತ್ತು. ಬಟ್ಟೆಯ ಕೆಳತುದಿಯನ್ನು ನಮ್ಮ ಕಡೆಗೆ ಎಳೆದಷ್ಟೂ ಚಿತ್ರ ಚೌಕಕ್ಕೆ ಬಂತು. ಎಳೆದು ನಿಲ್ಲಿಸಲು ಅತ್ತೆಯ ಒರಳುಗುಂಡನ್ನೇ ಇಟ್ಟೆವು. ಬಟ್ಟೆ ಸೆಟೆದುಕೊಂಡಿದ್ದರೆ ಚೆಂಡು ವಾಪಸು ಬರುತ್ತದೆ, ಸಡಿಲ ಬಿಟ್ಟರೆ ಅಲ್ಲೇ ಬೀಳುತ್ತದೆ. ಇದು ನಮಗೆ ತಿಳಿದದ್ದು ನನ್ನ ಗಂಡ ಹೊಡೆದ ಮೊದಲ ಚೆಂಡು ಹಿಂದಕ್ಕೆ ಹಾರಿ ಶೋಕೇಸಿನ ಗಾಜು ಒಡೆದ ಮೇಲೆ. "ಚಾಪೆ ಜಾರ್ತು" ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಗಾಜು ಗುಡಿಸಿದೆ.

ಅಂದು ಸಂಜೆ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಪ್ರೊಜೆಕ್ಟರಿನ ಗುಂಡಿ ಒತ್ತಿದರು. ಟಕ್ ಎಂದು ಸ್ಲೈಡ್ ಇಳಿಯಿತು.

ನಾನು ಇಂದಿಗೂ ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ತಡವರಿಸುತ್ತೇನೆ. ಗೋಡೆ ಇರಲಿಲ್ಲ. ನಮ್ಮ ಶೋಕೇಸು, ಕ್ಯಾಲೆಂಡರ್, ಸುಣ್ಣ ಬಿಟ್ಟ ಮೂಲೆ, ಯಾವುದೂ ಇರಲಿಲ್ಲ. ನಮ್ಮ ಚಾಪೆಯ ಅಂಚಿನಿಂದಲೇ ಹುಲ್ಲು ಶುರುವಾಗಿ, ಇಳಿದು, ಮತ್ತೆ ಏರಿ, ದೂರದಲ್ಲಿ ಮರಗಳ ಸಾಲು ಮುಟ್ಟುತ್ತಿತ್ತು. ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಇನ್ನೂ ಇತ್ತು. ಮರಗಳ ಹಿಂದೆ ಕಾರ್ಖಾನೆಯ ಹೊಗೆಕೊಳವೆ ಸಣ್ಣದಾಗಿ, ಅದರ ಮೇಲೆ ಎಷ್ಟೊಂದು ಆಕಾಶ! ಈ ಊರಿನಲ್ಲಿ ಒಬ್ಬರಿಗೆ ಒಂದು ಕಿಟಕಿಯಷ್ಟು ಆಕಾಶ ಎಂದುಕೊಂಡು ಬದುಕಿದ್ದವಳು ನಾನು. ಅದೇ ಹೊತ್ತಿಗೆ ಮನೆಯ ಹಿಂದಿನ ರೈಲು ಹಳಿಯ ಮೇಲೆ ಫಾಸ್ಟ್ ಲೋಕಲ್ ಹಾದುಹೋಯಿತು. ಬಿಲ್ಡಿಂಗ್ ಎಂದಿನಂತೆ ಸಣ್ಣಗೆ ನಡುಗಿ, ಸರಪಳಿ ಅದುರಿ, ಮೈದಾನದ ಹುಲ್ಲೆಲ್ಲ ಒಮ್ಮೆ ತೂಗಿ ನಿಂತಿತು.

"ಸರಪಳೀನ ಕಿಟಕಿ ಸರಳಿಗೆ ಎಳೆದು ಕಟ್ತೀನಿ, ಅಲ್ಲಾಡಲ್ಲ ಆಗ" ಎಂದರು ನನ್ನ ಗಂಡ.

"ಬಿಡು" ಎಂಬ ದನಿ ಕುರ್ಚಿಯಿಂದ ಬಂತು. "ಗಾಳಿ ಇರ್ಲಿ."

ನಾವಿಬ್ಬರೂ ತಿರುಗಿದೆವು. ಮಾವನವರು ಮುಂದಕ್ಕೆ ಬಾಗಿದ್ದರು. "ಆದ್ರೆ ಉಲ್ಟಾ ಹಾಕಿದೀಯ. ಆ ಜೋಡಿ ಮರ ಎಡಕ್ಕೆ ಬರಬೇಕು." ಸ್ಲೈಡ್ ಹಿಂದುಮುಂದಾಗಿತ್ತು, ತಿರುಗಿಸಿ ಹಾಕಿದಾಗ ಜೋಡಿ ಮರ ಎಡಕ್ಕೆ ಬಂದು ನಿಂತಿತು. ಮಾವನವರು ಹಿಂದಕ್ಕೊರಗಿ ನೋಡಿದರು, ನೋಡುತ್ತಲೇ ಇದ್ದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ. ಸಣ್ಣ ದನಿಯಲ್ಲಿ, "ಇಷ್ಟು ಚೆನ್ನಾಗಿದೆಯಾ ಇದು?" ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ಇನ್ನೇನು, ಮಾವನವರು ಎದ್ದೇಬಿಡುತ್ತಾರೆ ಎಂದುಕೊಂಡೆವು. ಏಳಲಿಲ್ಲ. ದಿನವೂ ಸಂಜೆ ಹಾಕಿಸಿಕೊಳ್ಳುವರು, ನೋಡುವರು. ಕೋಲು ಕೈಗೆ ಕೊಟ್ಟರೆ ಮಡಿಲಲ್ಲಿ ಇಟ್ಟುಕೊಳ್ಳುವರು. ಗಾಲ್ಫಿನಲ್ಲಿ ಎಡಗೈಯೇ ಯಜಮಾನ, ಬಲಗೈ ಬರೀ ಜೊತೆಗಾರ ಎಂದು ಅವರೇ ಹಿಂದೆ ಹೇಳುತ್ತಿದ್ದರು. ಅದನ್ನು ನೆನಪಿಸಿದರೂ ಉಹುಂ. ಮೊದಮೊದಲು ಇದ್ದ ಬೆಳಕು ಮುಖದಿಂದ ದಿನದಿನಕ್ಕೆ ಇಳಿಯಿತು. ಕಣ್ಣು ಕಿರಿದು ಮಾಡಿ ಬಟ್ಟೆಯನ್ನು ನೋಡಿ, ಏನೋ ಸೋತವರ ಹಾಗೆ ತಲೆ ಆ ಕಡೆ ತಿರುಗಿಸುವರು. ಡಾಕ್ಟರು ಹೇಳಿದ ತಿಂಗಳುಗಳು ಸರಿದುಹೋಗುತ್ತಿದ್ದವು. ಮಳೆ ನಿಂತಿತು, ನವರಾತ್ರಿ ಬಂತು, ಸೊಸೈಟಿಯ ಕಾಂಪೌಂಡಿನಲ್ಲಿ ಗರ್ಬಾ ಕುಣಿತ ಶುರುವಾಯಿತು. ಒಂದು ಸಂಜೆ ಮಾವನವರು ಮಗನನ್ನು ಕರೆದು, "ಇದನ್ನೆಲ್ಲ ಬಿಚ್ಚಿಬಿಡಪ್ಪ. ಸಾಕು, ನೋಡಾಯ್ತು" ಎಂದರು.

"ಹಬ್ಬ ಒಂದು ಮುಗೀಲಿ ಅಪ್ಪ" ಎಂದರು ನನ್ನ ಗಂಡ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಅತ್ತೆ ಮನೆಯ ಹತ್ಯಾರುಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದರು. ಈಳಿಗೆಮಣೆ, ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ನನ್ನ ಗಂಡನ ಸ್ಕ್ರೂಡ್ರೈವರುಗಳು. ಕೊನೆಯಲ್ಲಿ ಗಾಲ್ಫಿನ ಚೀಲ. ಅಷ್ಟು ವರ್ಷ ಆ ಚೀಲ ಯಾವ ಆಯುಧಪೂಜೆಯಲ್ಲೂ ಸಾಲಿನಲ್ಲಿ ಕೂತಿರಲಿಲ್ಲ. ಸವತಿಗೂ ಗಂಧ, ಕುಂಕುಮ, ಚೆಂಡುಹೂವು ಸಂದವು. ಜೋಕಾಲಿಯ ಮೇಲಿನ ಪ್ರೊಜೆಕ್ಟರಿಗೂ ಸ್ಟೂಲು ಹತ್ತಿ ಬೊಟ್ಟಿಟ್ಟು ಬಂದರು.

ಸಂಜೆ, ಬಿಚ್ಚುವ ಮುಂಚೆ ಕೊನೆಯ ಸಲ ಎಂದು ನನ್ನ ಗಂಡ ದೀಪ ಹಾಕಿದರು. ಟಕ್ ಎಂದು ಮೊದಲ ಸ್ಲೈಡ್ ಇಳಿಯಿತು. ಜೋಡಿ ಮರದ ಮೈದಾನ. ಹುಲ್ಲಿನ ನಟ್ಟನಡುವೆ, ಊಟದ ತಟ್ಟೆಯಷ್ಟು ದೊಡ್ಡ ಕಪ್ಪು ಕಲೆ, ಅಂಚಿನಲ್ಲಿ ಕಡುಗೆಂಪು.

"ಅತ್ತೆ! ಏನು ಮಾಡಿದ್ರಿ ಇದಕ್ಕೆ?" ನಾನು ಕೂಗಿಕೊಂಡೆ.

ಅತ್ತೆ ಗಾಬರಿಯಿಂದ ಹೊರಬಂದರು. "ಕುಂಕುಮ ಇಟ್ಟೆ ಕಣೇ. ದೀಪಕ್ಕೆ ಇಟ್ಟೆ, ಕೋಲಿಗೆ ಇಟ್ಟೆ. ಮೈದಾನಕ್ಕೆ ಇಡ್ದೆ ಹೇಗೆ ಬಿಡ್ಲಿ? ಅದು ಇರೋದು ಆ ಸಣ್ಣ ಚೌಕದೊಳಗೇ ತಾನೆ?"

ಅವರು ತಟ್ಟೆಯಿಂದ ಮೊದಲ ಸ್ಲೈಡನ್ನು ತೆಗೆದು, ಫಿಲ್ಮಿನ ಮೇಲೆಯೇ ಉಂಗುರದ ಬೆರಳಿನಿಂದ ಒದ್ದೆ ಕುಂಕುಮ ಇಟ್ಟು, ಇದ್ದಲ್ಲೇ ಇಟ್ಟಿದ್ದರು. ಸ್ಲೈಡುಗಳನ್ನು ತಟ್ಟೆಯಲ್ಲಿ ತಲೆಕೆಳಗಾಗಿ ಇಡಬೇಕು; ಅತ್ತೆ ಹಾಗೇ ಹಿಡಿದು ಮೇಲುಗಡೆ ಹಣೆ ಎಂದುಕೊಂಡು ಬೊಟ್ಟಿಟ್ಟಿದ್ದರಿಂದ ಅದು ಬಟ್ಟೆಯ ಮೇಲೆ ಆಕಾಶದ ಬದಲು ಹುಲ್ಲಿನ ಮೇಲೆ ಬಂದು ಕೂತಿತ್ತು. ನನಗೆ ತಡೆಯಲಾಗಲಿಲ್ಲ. ಇಷ್ಟು ಕಷ್ಟಪಟ್ಟು ತೆಗೆದದ್ದು, ಫಿಲ್ಮಿಗೆ ನೀರು ತಾಗಿದರೆ ಏನಾಗುತ್ತೆ ಗೊತ್ತಾ, ಕೇಳಬಾರದಿತ್ತಾ ಎಂದು ಒಂದೇ ಸಮನೆ ಹರಿಹಾಯ್ದೆ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತರು. ನನ್ನ ಗಂಡ ಸ್ಟೂಲು ಹತ್ತಿ, "ಇರ್ಲಿ ಬಿಡು, ಹತ್ತಿಯಲ್ಲಿ ಒರೆಸ್ತೀನಿ" ಎಂದು ಸ್ಲೈಡ್ ತೆಗೆಯಲು ಕೈ ಚಾಚಿದರು.

"ಒರೆಸಬೇಡ."

ಮಾವನವರು ಎಡಗೈಯಿಂದ ಕುರ್ಚಿಯ ತೋಳು ಹಿಡಿದಿದ್ದರು. ಬೆತ್ತ ಕಿರುಗುಟ್ಟಿತು. ನಾನು ಬೈಯುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಒಂದು ಸಲ ಎದ್ದರು, ಕೂತರು. ಮತ್ತೊಮ್ಮೆ ಎದ್ದರು. ನನ್ನ ಗಂಡ ಸ್ಟೂಲಿನಿಂದ ಧುಮುಕಿ ಹಿಡಿಯಹೋದರೆ ಭುಜ ಕೊಡವಿದರು. ನಿಂತರು. ಆ ಮನೆಗೆ ಬಂದ ಮೇಲೆ ಅವರು ನಿಂತದ್ದನ್ನು ನಾನು ಎಷ್ಟೋ ಸಾವಿರ ಸಲ ನೋಡಿದ್ದೆ; ಮನುಷ್ಯ ಎರಡು ಕಾಲಿನ ಮೇಲೆ ನಿಲ್ಲುವುದು ಇಷ್ಟು ದೊಡ್ಡ ಸಂಗತಿ ಎಂದು ನನಗೆ ತಿಳಿದದ್ದು ಆಗಲೇ.

"ಫ್ಲಾಗು ಕಾಣಿಸ್ತಿರ್ಲಿಲ್ಲ ಕಣೋ" ಎಂದರು, ಬಟ್ಟೆಯ ಮೇಲಿನ ಕಣ್ಣು ಕೀಳದೆ. "ಈ ಕಣ್ಣಿಗೆ ಮರ ಕಾಣುತ್ತೆ, ಹುಲ್ಲು ಕಾಣುತ್ತೆ. ಫ್ಲಾಗು ಮಾತ್ರ ಕಾಣಲ್ಲ. ಎದ್ದು ನಿಂತು ಎಲ್ಲಿಗೆ ಹೊಡೀಲಿ?"

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ನನ್ನ ಗಂಡ ತೆಗೆದ ಚಿತ್ರದಲ್ಲಿ, ಚೆಂಡು ಸೇರಬೇಕಾದ ಕುಳಿಯ ಗುರುತಿಗೆ ನೆಟ್ಟ ದೂರದ ಬಾವುಟ ನೂಲಿನೆಳೆಯಷ್ಟು ಸಣ್ಣದಿತ್ತು. ಲಕ್ವದ ಮೇಲೆ ಮಂಜಾದ ಕಣ್ಣಿಗೆ ಅದು ಸಿಕ್ಕಿರಲಿಲ್ಲ. ಸಿಕ್ಕಲಿಲ್ಲ ಎಂದು ಹೇಳುವುದಕ್ಕಿಂತ ಕುರ್ಚಿಯಲ್ಲೇ ಕೂರುವುದು ಅವರಿಗೆ ಸುಲಭವಾಗಿತ್ತು. ಅತ್ತೆಯ ಬೊಟ್ಟು ಬಾವುಟಕ್ಕಿಂತ ತುಸು ಈಚೆಗೆ, ಯಾವ ಕಣ್ಣಿಗೂ ತಪ್ಪದಷ್ಟು ದಪ್ಪಗೆ ಕೂತಿತ್ತು.

ಕೋಲು ಕೊಟ್ಟೆವು. ಎಡಗೈ ಬಿಗಿಯಾಗಿ ಹಿಡಿಯಿತು, ಬಲಗೈಯನ್ನು ನನ್ನ ಗಂಡ ಅದರ ಮೇಲೆ ಎತ್ತಿ ಇಟ್ಟರು. ತಾವು ಹಿಂದಿನಿಂದ ಅವರ ಸೊಂಟಕ್ಕೆ ಆಸರೆ ಕೊಟ್ಟು ನಿಂತರು. ಮಾವನವರು ಕುಂಕುಮವನ್ನು ನೋಡಿದರು, ಚೆಂಡನ್ನು ನೋಡಿದರು, ಮತ್ತೆ ಕುಂಕುಮವನ್ನು ನೋಡಿದರು. ಮೊದಲ ಬೀಸು ಗಾಳಿಗೆ ಹೋಯಿತು. ಎರಡನೆಯದಕ್ಕೆ ಟಣ್ ಎಂದು ಒಂದು ಸದ್ದು. ಬಟ್ಟೆ ಒಂದು ಉಸಿರೆಳೆದುಕೊಂಡ ಹಾಗೆ ಒಳಕ್ಕೆ ಹೋಗಿ ಬಂತು. ಚೆಂಡು ಕೆಳಗೆ ಬಿದ್ದು ಒರಳುಗುಂಡಿಗೆ ತಾಗಿ ನಿಂತಿತು.

"ಶಾರ್ಟು" ಎಂದರು ಮಾವನವರು. "ಅಲ್ಲೀವರೆಗೆ ಮುಟ್ಲಿಲ್ಲ. ಇನ್ನೊಂದು."

ಚೆಂಡು ತರಲು ನಾನು ಹೊರಟೆ. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು. ಬೆಳಕಿನೊಳಕ್ಕೆ ಕಾಲಿಟ್ಟೊಡನೆ ಹುಲ್ಲು ಅವರ ಸೀರೆಯ ಮೇಲೆ ಹತ್ತಿತು, ಇಬ್ಬನಿ ತೋಳಿನ ಮೇಲೆ. ಅವರ ನೆರಳು ಉದ್ದಕ್ಕೂ ಆ ಮೈದಾನದ ಮೇಲೆ ನಡೆಯಿತು. ಕಾಂಪೌಂಡ್ ಗೋಡೆಯ ಈಚೆಯಿಂದಷ್ಟೇ ನೋಡಿದ್ದ ಮರಗಳ ಹತ್ತಿರ ಹೋಗಿ, ಬಗ್ಗಿ ಚೆಂಡು ಎತ್ತಿಕೊಂಡು, ತಕ್ಷಣ ಬರಲಿಲ್ಲ. ಒಂದು ಗಳಿಗೆ ಅಲ್ಲೇ ನಿಂತು ಸುತ್ತ ನೋಡಿದರು. ನಾನು ನನ್ನ ಕಣ್ಣು ಒರೆಸಿಕೊಂಡೆ, ಮುಚ್ಚುಮರೆ ಏನೂ ಮಾಡಲಿಲ್ಲ.

"ಒಂದು ಸಲವೂ ಕರ್ಕೊಂಡು ಹೋಗ್ಲಿಲ್ಲ ನಿನ್ನ" ಎಂದರು ಮಾವನವರು.

"ಈಗ ಬಂದೆನಲ್ಲ" ಎಂದರು ಅತ್ತೆ, ಬೆಳಕಿನಿಂದ ಈಚೆ ಬಂದು ಚಾಪೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾ. "ಹೇಳಿ, ಎಲ್ಲಿಡ್ಲಿ ಚೆಂಡು?"

ಮಾವನವರು, "ಇಲ್ಲಿ. ಇನ್ನೂ ಸ್ವಲ್ಪ ಈ ಕಡೆ. ಅಲ್ಲಲ್ಲ, ಇಲ್ಲಿ" ಎಂದು ಕೈಯಿಂದ ತೋರಿಸಿದರು. ಎಡಗೈ ಕೋಲು ಹಿಡಿದಿತ್ತು. ಕೋಲಿನ ಮೇಲಿಂದ ತುಸು ಮೇಲೆದ್ದು, ನಡುಗುತ್ತಾ, ಚಾಪೆಯ ಮೇಲೆ ಆ ಜಾಗವನ್ನು ತೋರಿಸುತ್ತಿದ್ದದ್ದು ಬಲಗೈ. ಅದು ಅವರಿಗೂ ತಿಳಿದಿರಲಿಲ್ಲ, ಅತ್ತೆಗೂ ತಿಳಿದಿರಲಿಲ್ಲ. ಇಬ್ಬರೂ ಚೆಂಡನ್ನು ನೋಡುತ್ತಿದ್ದರು. ನನ್ನ ಗಂಡ ಅವರ ಬೆನ್ನ ಹಿಂದಿನಿಂದ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ತೆರೆಯಲಿಲ್ಲ. ಆ ಕೈ ಕೆಳಗಿಳಿಯುವವರೆಗೂ ಉಸಿರು ಹಿಡಿದು ನಿಂತಿದ್ದೆ.